ಗೋಡೆ ಎಳೆದದ್ದು ಸಾಕು, ಆಟ ನಡೆಸಿ

ಬೇರೆ ಬೇರೆ ಊರುಗಳಲ್ಲಿರುವ ಗೆಳೆಯರು ಸೇರಿ ರೋಲ್‌ಪ್ಲೇಯಿಂಗ್ ಗೇಮ್ ಆಡೋಣವೆಂದು ಹೊರಟರೆ ಇವತ್ತು ಎಲ್ಲ ಕಡೆಯಿಂದಲೂ ಬರುವ ಮೊದಲ ಸಲಹೆ ಒಂದೇ: ಒಳ್ಳೆಯದೊಂದು ವಿಟಿಟಿ ಆರಿಸಿಕೊಳ್ಳಿ. ವಿಟಿಟಿ ಎಂದರೆ ವರ್ಚುವಲ್ ಟೇಬಲ್‌ಟಾಪ್, ಆಟದ ಮೇಜನ್ನು ಪರದೆಯ ಮೇಲೆ ಹಾಸಿಕೊಡುವ ಸಾಫ್ಟ್‌ವೇರ್. ಅದರಲ್ಲಿ ಬಣ್ಣದ ಮ್ಯಾಪ್ ಇರಬೇಕು, ಮ್ಯಾಪಿನ ಮೇಲೆ ಓಡಾಡುವ ಟೋಕನ್ ಇರಬೇಕು, ಪಂಜಿನ ಬೆಳಕು ಬಿದ್ದಷ್ಟೇ ಜಾಗ ಕಾಣುವ ಡೈನಾಮಿಕ್ ಲೈಟಿಂಗ್ ಇರಬೇಕು, ಗುಂಡಿ ಒತ್ತಿದರೆ ಏಟು, ಗಾಯ, ಲೆಕ್ಕ ಎಲ್ಲವೂ ತಾನಾಗಿ ಆಗಿಬಿಡಬೇಕು. ಇವೆಲ್ಲ ಯಾವುದರಲ್ಲಿ ಹೆಚ್ಚಿವೆಯೋ ಅದೇ ಉತ್ತಮ. ಹಳಬರು ಇದನ್ನೇ ಹೇಳುತ್ತಾರೆ, ಹೊಸಬರು ಇದನ್ನೇ ನಂಬುತ್ತಾರೆ, ಯಾರೂ ತಿರುಗಿ ಕೇಳುವುದಿಲ್ಲ. ನಾನು ಕೇಳುತ್ತೇನೆ. ಮಾತಿನಿಂದ ನಡೆಯುವ ಆಟಕ್ಕೆ ಮೊದಲ ಅಗತ್ಯ ಚಿತ್ರ ಎಂದು ತೀರ್ಮಾನಿಸಿದವರು ಯಾರು? ಆ ತೀರ್ಮಾನದಿಂದ ಲಾಭ ಆದದ್ದು ಯಾರಿಗೆ, ನಷ್ಟ ಆದದ್ದು ಯಾರಿಗೆ?

ಈ ಆಟ ಏನು ಎಂಬುದು ನೆನಪಿದ್ದರೆ ಉತ್ತರ ಕಷ್ಟವಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರತಂದಾಗ ಡಬ್ಬಿಯೊಳಗೆ ಇದ್ದದ್ದು ಮುಖ್ಯವಾಗಿ ಮೂರು ತೆಳುವಾದ ಪುಸ್ತಿಕೆಗಳು. ಹಾಸಿ ಕೂರಲು ಬೋರ್ಡ್ ಇರಲಿಲ್ಲ. ಆಟ ನಡೆಸುವವರು, ಅಂದರೆ ಈಗ ನಾವು ಜಿಎಂ ಎಂದು ಕರೆಯುವವರು, ನೆಲಮಾಳಿಗೆಯ ನಕ್ಷೆಯನ್ನು ತಮ್ಮ ಮುಂದೆ ಮಾತ್ರ ಇಟ್ಟುಕೊಂಡು ಬಾಯಲ್ಲಿ ವರ್ಣಿಸುತ್ತಿದ್ದರು: ಓಣಿ ಮೂವತ್ತು ಅಡಿ ಮುಂದಕ್ಕೆ ಹೋಗಿ ಎಡಕ್ಕೆ ತಿರುಗುತ್ತದೆ, ತಿರುವಿನಲ್ಲಿ ಒದ್ದೆ ಮಣ್ಣಿನ ವಾಸನೆ ಬರುತ್ತಿದೆ. ಆಟಗಾರರಲ್ಲಿ ಒಬ್ಬರು ಅದನ್ನು ಕೇಳಿಸಿಕೊಂಡು ಗ್ರಾಫ್ ಕಾಗದದ ಮೇಲೆ ಗೆರೆ ಹಾಕುತ್ತಿದ್ದರು. ತಪ್ಪಾಗಿ ಬರೆದುಕೊಂಡರೆ ಹಿಂದಿರುಗುವಾಗ ದಾರಿ ತಪ್ಪುತ್ತಿತ್ತು, ಆ ದಾರಿ ತಪ್ಪುವುದೂ ಆಟವೇ ಆಗಿತ್ತು. ಈಗ ಟೋಕನ್ ಮುಂದೆ ಸರಿದಂತೆ ಮ್ಯಾಪ್ ತಾನಾಗಿ ತೆರೆದುಕೊಳ್ಳುತ್ತದೆ. ಕಿವಿಗೊಟ್ಟು ಕೇಳುವ ಕೆಲಸವಿಲ್ಲ, ಕೇಳಿದ್ದು ಸರಿಯೇ ಎಂದು ಮತ್ತೆ ವಿಚಾರಿಸುವ ಕೆಲಸವಿಲ್ಲ, ದಾರಿ ತಪ್ಪುವ ಭಯವೂ ಇಲ್ಲ.

ಕರಾವಳಿ, ಮಲೆನಾಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಗಳು ಬರೀ ಮಾತಿನಿಂದ ವಾಲಿಯನ್ನೂ ರಾಮನನ್ನೂ ಎದುರುಬದುರು ನಿಲ್ಲಿಸುತ್ತಾರೆ. ಎದುರಾಳಿ ಯಾವ ಪಟ್ಟು ಹಾಕುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ, ಅಲ್ಲಲ್ಲೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಕೂತವರು ಕಿರೀಟ ಕಾಣಿಸಲಿಲ್ಲವೆಂದು ಎದ್ದು ಹೋದವರಲ್ಲ. ರೋಲ್‌ಪ್ಲೇಯಿಂಗ್ ಗೇಮ್ ಇದೇ ಕುಲದ್ದು. ಒಬ್ಬರು ಸನ್ನಿವೇಶ ಹೇಳುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಇದಕ್ಕೆ ದೂರ ಒಂದು ಅಡ್ಡಿಯೇ ಅಲ್ಲ. ಬೆಂಗಳೂರಿನಲ್ಲಿ ಶನಿವಾರ ರಾತ್ರಿ ಒಂಬತ್ತಾದಾಗ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಎಂಟೂವರೆ. ಇಲ್ಲಿ ಊಟ ಮುಗಿಸಿದವರೂ ಅಲ್ಲಿ ಕಾಫಿ ಹಿಡಿದವರೂ ಸೇರಿ ಆಡುವುದಕ್ಕೆ ಧ್ವನಿ ದಾಟಿದರೆ ಸಾಕು. 2011ರಲ್ಲಿ ಗೂಗಲ್ ಪ್ಲಸ್ ಬಂದಾಗ ಅದರ ಹ್ಯಾಂಗೌಟ್ ಕರೆಗಳಲ್ಲಿ ಅನೇಕ ಗುಂಪುಗಳು ಹಾಗೆಯೇ ಆಡಿದವು. ಮುಖ ಕಾಣುತ್ತಿತ್ತು, ದನಿ ಕೇಳುತ್ತಿತ್ತು, ದಾಳವನ್ನು ಅವರವರ ಮೇಜಿನ ಮೇಲೆ ಉರುಳಿಸಿ ಅಂಕಿ ಹೇಳುತ್ತಿದ್ದರು. ಹಳೆಯ ಶೈಲಿಯ ಆಟಗಳಿಗೆ ಹೊಸ ಜೀವ ಬಂದದ್ದರಲ್ಲಿ ಆ ಕರೆಗಳ ಪಾಲು ದೊಡ್ಡದು.

ಹಾಗಿದ್ದರೆ ಮ್ಯಾಪು, ಲೈಟಿಂಗು, ಆಟೊಮೇಷನ್ನು ಎಲ್ಲಿಂದ ಅನಿವಾರ್ಯವಾದವು? 2020ರ ಮಾರ್ಚ್ ನಂತರ ಮನೆಯೊಳಗೆ ಸಿಕ್ಕಿಕೊಂಡ ಜನ ಒಮ್ಮೆಲೇ ಈ ಸಾಫ್ಟ್‌ವೇರ್‌ಗಳ ಕಡೆ ನುಗ್ಗಿದರು. 2012ರಿಂದ ಇದ್ದ ರೋಲ್20, 2004ರಿಂದ ಇದ್ದ ಫ್ಯಾಂಟಸಿ ಗ್ರೌಂಡ್ಸ್, 2020ರಲ್ಲೇ ಬಿಡುಗಡೆಯಾದ ಫೌಂಡ್ರಿ, ಎಲ್ಲದಕ್ಕೂ ದೊಡ್ಡ ಸಂತೆ ನೆರೆಯಿತು. ಸಂತೆಯಲ್ಲಿ ಮಾರಾಟವಾಗುವುದು ಕಣ್ಣಿಗೆ ಬೀಳುವಂಥದ್ದು. ಒಬ್ಬ ಜಿಎಂ ಆಟಗಾರನ ಮಾತಿಗೆ ಕಿವಿಗೊಟ್ಟು ಕಥೆಯನ್ನೇ ತಿರುಗಿಸಿದ ಕ್ಷಣವನ್ನು ಜಾಹೀರಾತಿನಲ್ಲಿ ತೋರಿಸಲಾಗದು. ಬೆಂಕಿ ಹೊಮ್ಮುವ ಅನಿಮೇಷನ್ ತೋರಿಸಬಹುದು. ಅಲ್ಲಿಂದ ಮುಂದೆ ‘ಯಾವುದು ಉತ್ತಮ’ ಎಂಬ ಹೋಲಿಕೆಗಳೆಲ್ಲ ಸವಲತ್ತುಗಳ ಪಟ್ಟಿಯಾದವು. ನಮ್ಮ ಮೇಜಿನಲ್ಲಿ ಕೂರುವವರು ಯಾರು, ಅವರ ಕೈಯಲ್ಲಿರುವ ಸಾಧನ ಯಾವುದು, ನಾವು ಆಡುವ ಆಟಕ್ಕೆ ಏನು ಬೇಕು ಎಂಬ ಪ್ರಶ್ನೆಗಳಿಗೆ ಆ ಪಟ್ಟಿಗಳಲ್ಲಿ ಜಾಗವಿಲ್ಲ.

ಇದರ ಬೆಲೆಯನ್ನು ಮೊದಲು ತೆರುವವರು ಜಿಎಂ. ಶನಿವಾರದ ಆಟಕ್ಕೆ ಶುಕ್ರವಾರ ರಾತ್ರಿ ಅವರು ಏನು ಮಾಡುತ್ತಿರುತ್ತಾರೆ ಎಂದು ಹತ್ತಿರದಿಂದ ನೋಡಬೇಕು. ಗುಹೆಯ ಚಿತ್ರವೊಂದನ್ನು ಅಪ್‌ಲೋಡ್ ಮಾಡಿದ್ದಾರೆ. ಚಿತ್ರದಲ್ಲೇ ಅಚ್ಚಾಗಿರುವ ಚೌಕಗಳು ಸಾಫ್ಟ್‌ವೇರ್ ಹಾಕುವ ಚೌಕಗಳ ಮೇಲೆ ಕೂರುವುದಿಲ್ಲ. ಎಡ ಮೂಲೆಯಲ್ಲಿ ಕೂರಿಸಿದರೆ ಬಲ ಮೂಲೆ ತಲುಪುವಷ್ಟರಲ್ಲಿ ಅರ್ಧ ಚೌಕ ಜಾರಿರುತ್ತದೆ. ಪಿಕ್ಸೆಲ್ ಲೆಕ್ಕ ಹಾಕಿ, ಹಿಗ್ಗಿಸಿ, ಕುಗ್ಗಿಸಿ ಅದನ್ನು ಸರಿಮಾಡಿದ ಮೇಲೆ ಗೋಡೆ ಎಳೆಯುವ ಕೆಲಸ. ಬೆಳಕು ಎಲ್ಲಿ ನಿಲ್ಲಬೇಕೆಂದು ಸಾಫ್ಟ್‌ವೇರಿಗೆ ತಾನಾಗಿ ತಿಳಿಯದು, ಪ್ರತಿ ಗೋಡೆಯ ಉದ್ದಕ್ಕೂ ಗೆರೆ ಹಾಕಿ ತಿಳಿಸಬೇಕು. ಗುಹೆಯ ಗೋಡೆ ನೇರವಾಗಿ ಇರುವುದಿಲ್ಲವಲ್ಲ, ಪ್ರತಿ ಅಂಕುಡೊಂಕಿಗೂ ಒಂದು ಕ್ಲಿಕ್. ಬಾಗಿಲಿಗೆ ಬೇರೆ ಬಗೆಯ ಗೆರೆ, ಕಿಟಕಿಗೆ ಇನ್ನೊಂದು. ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಬೆಳಕು ಅದರಲ್ಲಿ ನುಗ್ಗಿ ಪಕ್ಕದ ಕೋಣೆಯಲ್ಲಿ ಅಡಗಿರುವವರನ್ನು ತೋರಿಸಿಬಿಡುತ್ತದೆ. ಆಮೇಲೆ ಪಂಜಿಗೆ ಇಪ್ಪತ್ತು ಅಡಿ ಪೂರ್ತಿ ಬೆಳಕು, ಅದರಾಚೆ ಇಪ್ಪತ್ತು ಅಡಿ ಮಂದ ಬೆಳಕು. ಕತ್ತಲಲ್ಲಿ ಕಣ್ಣು ಕಾಣುವ ಕುಲದವರ ಟೋಕನ್ನಿಗೆ ಬೇರೆ ಅಳತೆ. ಎಲ್ಲ ಮುಗಿಸಿ ಆಟಗಾರರ ಕಣ್ಣಿನಿಂದ ಒಮ್ಮೆ ಪರೀಕ್ಷಿಸುವಾಗ ಮಧ್ಯರಾತ್ರಿ ದಾಟಿರುತ್ತದೆ.

ಈ ಹೊತ್ತಿನಲ್ಲಿ ಅವರು ಏನೆಲ್ಲ ಯೋಚಿಸಬಹುದಿತ್ತು! ಗುಹೆಯಲ್ಲಿ ಅಡಗಿರುವ ಗಾಬ್ಲಿನ್ ಮುಖಂಡನಿಗೆ ಯಾರ ಮೇಲೆ ಸಿಟ್ಟು, ಯಾರಿಗೆ ಅವನು ಹೆದರುತ್ತಾನೆ, ಹೋದ ವಾರ ಆಟಗಾರರು ಬಿಟ್ಟು ಕಳಿಸಿದ ಹುಡುಗ ಊರಿಗೆ ಹೋಗಿ ಏನು ಹೇಳಿರಬಹುದು. ಆಟ ಬೆಳೆಯುವುದು ಇಂಥ ಯೋಚನೆಗಳಿಂದ. ಗೋಡೆಗಳಿಂದ ಬೆಳೆಯುವುದು ಗೋಡೆ ಮಾತ್ರ.

ಮರುದಿನ ಗುಹೆಯ ಬಾಯಿಗೆ ಬಂದ ಆಟಗಾರರು ‘ಬೇಡಪ್ಪ, ಒಳಗೆ ಹೋಗೋದು ಬೇಡ, ಹೊರಗೇ ಬೆಂಕಿ ಹಾಕಿ ಹೊಗೆ ಬಿಡೋಣ’ ಎಂದರೆ? ಇದಕ್ಕಿಂತ ಒಳ್ಳೆಯ ಮಾತನ್ನು ಆಟಗಾರರು ಆಡಲಾರರು. ತಲೆ ಓಡಿಸಿದ್ದಾರೆ, ಜಿಎಂ ಕನಸಿನಲ್ಲೂ ಯೋಚಿಸದ ದಾರಿ ಹಿಡಿದಿದ್ದಾರೆ. ಆದರೆ ಅರ್ಧ ರಾತ್ರಿ ಗೋಡೆ ಎಳೆದ ಜಿಎಂಗೆ ಆ ಮಾತು ಸಂತೋಷ ಕೊಡುತ್ತದೆಯೇ? ಗಾಳಿ ಎದುರಿನಿಂದ ಬೀಸುತ್ತಿದೆ, ಸೌದೆ ಒದ್ದೆಯಾಗಿದೆ ಎಂದು ನೆಪ ಹುಡುಕುತ್ತಾರೆ. ಹೇಗಾದರೂ ಮಾಡಿ ಅವರನ್ನು ಒಳಗೆ ತಳ್ಳುತ್ತಾರೆ. ಅದು ಅವರ ಸ್ವಭಾವದ ದೋಷವೆಂದು ನಾನು ಹೇಳುವುದಿಲ್ಲ. ಪಟ್ಟ ಶ್ರಮ ವ್ಯರ್ಥವಾಗುವುದನ್ನು ಯಾರೂ ಸಹಿಸರು. ಶ್ರಮವನ್ನು ತಪ್ಪು ಜಾಗದಲ್ಲಿ ಹೂಡಿಸಿದ ಸಲಹೆಯ ದೋಷ ಅದು. ಆಟಗಾರರು ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು ಈ ಆಟಕ್ಕೆ ಇರುವ ಒಂದೇ ಒಂದು ಹೆಚ್ಚುಗಾರಿಕೆ. ಮಿಕ್ಕಿದ್ದೆಲ್ಲವನ್ನೂ ಕಂಪ್ಯೂಟರ್ ಗೇಮ್‌ಗಳು ನಮಗಿಂತ ಚೆನ್ನಾಗಿ ಮಾಡುತ್ತವೆ. ಆ ಒಂದನ್ನೂ ಮ್ಯಾಪಿನ ಅಂಚಿಗೆ ಕಟ್ಟಿಹಾಕಿದ ಮೇಲೆ ಉಳಿಯುವುದೇನು?

ಇನ್ನು ಆಟಗಾರರ ಕಡೆ ನೋಡೋಣ. ಬಾಯಿಮಾತಿನ ಆಟದಲ್ಲಿ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಬರುವ ಪ್ರಶ್ನೆಗಳು: ಛಾವಣಿ ಎಷ್ಟೆತ್ತರ? ನೆಲದಲ್ಲಿ ಧೂಳಿದೆಯಾ, ಹೆಜ್ಜೆ ಗುರುತು ಇದೆಯಾ? ಒಲೆಯಲ್ಲಿ ಕೆಂಡ ಇನ್ನೂ ಬೆಚ್ಚಗಿದೆಯಾ? ಪ್ರತಿ ಪ್ರಶ್ನೆಗೂ ಜಿಎಂ ಉತ್ತರ ಕೊಡಬೇಕು, ಎಷ್ಟೋ ಸಲ ಪ್ರಶ್ನೆ ಬಂದ ಮೇಲೆಯೇ ಉತ್ತರ ಹುಟ್ಟುತ್ತದೆ. ಕೋಣೆ ಹೀಗೆ ಎಲ್ಲರೂ ಸೇರಿ ಕಟ್ಟಿದ್ದಾಗುತ್ತದೆ. ಮ್ಯಾಪ್ ತೆರೆದ ಮೇಜಿನಲ್ಲಿ ನಾನು ಕೇಳುವ ಮಾತುಗಳು ಬೇರೆ. ‘ಅಕ್ಕಾ, ನನ್ನ ಟೋಕನ್ ಎಲ್ಲಿ ಹೋಯ್ತು?’ ‘ನಂಗೆ ಬರೀ ಕಪ್ಪು ಕಾಣ್ತಿದೆ, ರಿಫ್ರೆಶ್ ಮಾಡ್ಲಾ?’ ‘ಇಲ್ಲಿಂದ ಅಲ್ಲಿಗೆ ಎಷ್ಟು ಚೌಕ?’ ಜಿಎಂ ಬಾಯಲ್ಲಿ ಹೇಳಿದ ಒದ್ದೆ ಮಣ್ಣಿನ ವಾಸನೆ ಯಾರ ಕಿವಿಗೂ ಬೀಳುವುದಿಲ್ಲ, ಏಕೆಂದರೆ ಎಲ್ಲರ ಕಣ್ಣೂ ಚಿತ್ರದ ಮೇಲಿದೆ. ಚಿತ್ರದಲ್ಲಿ ಒಲೆ ಬರೆದಿಲ್ಲದಿದ್ದರೆ ಒಲೆಯ ಬಗ್ಗೆ ಯಾರೂ ಕೇಳುವುದಿಲ್ಲ. ಚಿತ್ರದಲ್ಲಿ ಪೀಪಾಯಿ ಇದ್ದರೆ, ಕಥೆಗೆ ಸಂಬಂಧವೇ ಇಲ್ಲದ ಆ ಪೀಪಾಯಿಯನ್ನು ಅರ್ಧ ಗಂಟೆ ತಡಕುತ್ತಾರೆ. ಯಾರೋ ಎಲ್ಲೋ ಕೂತು ಬರೆದು ಮಾರಿದ ಚಿತ್ರ ನಮ್ಮ ಮೇಜಿನ ಕಲ್ಪನೆಯ ಎಲ್ಲೆಯಾಗಿಬಿಟ್ಟಿದೆ.

ಇದು ನನ್ನೊಬ್ಬಳ ಹಳೆಯ ಕಾಲದ ಹಠ ಎನ್ನುವವರು 2023ರ ಜನವರಿಯನ್ನು ನೆನಪಿಸಿಕೊಳ್ಳಲಿ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಒಡೆತನ ಇರುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ, ಬೇರೆಯವರು ತನ್ನ ನಿಯಮಗಳನ್ನು ಬಳಸಲು ಕೊಡುವ ಲೈಸೆನ್ಸ್‌ನ ಹೊಸ ಕರಡಿನ ಜೊತೆ ವಿಟಿಟಿಗಳಿಗೊಂದು ನೀತಿಯನ್ನೂ ಬರೆದಿತ್ತು. ಮೇಜಿನ ಸುತ್ತ ಕೂತು ಕಥೆ ಹೇಳುವ ಅನುಭವವನ್ನು ಮರುಸೃಷ್ಟಿಸುವುದಾದರೆ ಸರಿ. ಕಲ್ಪನೆಯ ಜಾಗದಲ್ಲಿ ಮ್ಯಾಜಿಕ್ ಮಿಸೈಲ್ ಮಂತ್ರದ ಅನಿಮೇಷನ್ ತಂದಿಟ್ಟರೆ ಅದು ವಿಡಿಯೊ ಗೇಮ್ ಆಗುತ್ತದೆ, ಅದಕ್ಕೆ ಅನುಮತಿಯಿಲ್ಲ ಎಂಬುದು ಅದರ ಸಾರ. ಜನರ ಸಿಟ್ಟಿಗೆ ಮಣಿದು ಕಂಪನಿ ಅದೇ ತಿಂಗಳ ಕೊನೆಯಲ್ಲಿ ಆ ಕರಡನ್ನು ಕೈಬಿಟ್ಟಿತು, ಕೈಬಿಟ್ಟದ್ದು ಸರಿಯೇ, ಏಕೆಂದರೆ ಬೇರೆಯವರನ್ನು ಕಾನೂನಿನಿಂದ ಬಗ್ಗಿಸುವುದು ಅದರ ಉದ್ದೇಶವಾಗಿತ್ತು. ಆದರೆ ಅದರಲ್ಲಿದ್ದ ಒಪ್ಪಿಗೆಯನ್ನು ಮರೆಯಬಾರದು. ಎಲ್ಲಿಯವರೆಗೆ ಮೇಜಿನ ಆಟ, ಎಲ್ಲಿಂದ ವಿಡಿಯೊ ಗೇಮ್ ಎಂಬ ಗೆರೆ ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಅದೇ ಕಂಪನಿ ಅನ್‌ರಿಯಲ್ ಎಂಜಿನ್ನಿನಲ್ಲಿ ಮೂರು ಆಯಾಮದ ತನ್ನದೇ ವಿಟಿಟಿ ಕಟ್ಟುತ್ತಿತ್ತು. 2022ರಲ್ಲಿ ಘೋಷಿಸಿದ ಆ ಯೋಜನೆ ಸಿಜಿಲ್ ಎಂಬ ಹೆಸರಿನಲ್ಲಿ 2025ರ ಫೆಬ್ರುವರಿಯಲ್ಲಿ ಹೊರಬಂತು. ಮರು ತಿಂಗಳೇ ಅದನ್ನು ಕಟ್ಟಿದ ತಂಡದ ಬಹುಪಾಲು ಜನ ಕೆಲಸ ಕಳೆದುಕೊಂಡರು. ಅಷ್ಟು ಹಣ, ಅಷ್ಟು ಪ್ರತಿಭೆ, ಅಷ್ಟು ವರ್ಷ. ಯಾವ ಮೇಜಿಗೆ ಅದು ಬೇಕಾಗಿತ್ತು?

ಆಟೊಮೇಷನ್ ವಿಷಯದಲ್ಲಿ ನನ್ನ ತಕರಾರು ಇನ್ನೂ ಗಟ್ಟಿಯಾದದ್ದು. ಲೆಕ್ಕ ಸುಲಭವಾಗುತ್ತದೆ, ಹೊಸಬರು ನಿಯಮ ಕಲಿಯಬೇಕಾಗಿಲ್ಲ ಎನ್ನುತ್ತಾರೆ. ನಿಯಮ ಕಲಿಯದೆ ಆಡಿದವರು ಏನು ಕಲಿಯುತ್ತಾರೆ? ಯಾವ ಗುಂಡಿ ಎಲ್ಲಿದೆ ಎಂಬುದನ್ನು. ಪಾತ್ರದ ವಿವರಗಳಿರುವ ಕ್ಯಾರೆಕ್ಟರ್ ಶೀಟ್ ಅವರಿಗೆ ಗುಂಡಿಗಳ ಪಟ್ಟಿಯಾಗಿ ಕಾಣುತ್ತದೆ, ಪಟ್ಟಿಯಲ್ಲಿ ಇಲ್ಲದ್ದನ್ನು ಮಾಡಬಹುದೆಂಬ ಯೋಚನೆಯೇ ಬರುವುದಿಲ್ಲ. ‘ಬಾಗಿಲ ಪರದೆ ಕಿತ್ತು ಆ ದೈತ್ಯನ ಮುಖಕ್ಕೆ ಮುಸುಕು ಹಾಕ್ತೀನಿ’ ಎಂದು ಒಬ್ಬ ಹುಡುಗಿ ಹೇಳಿದಳು ಎನ್ನಿ. ಮೇಜಿನಲ್ಲಾದರೆ ಜಿಎಂ ಒಂದು ಗಳಿಗೆ ಯೋಚಿಸಿ, ಸರಿ, ಶಕ್ತಿಯ ಮೇಲೆ ದಾಳ ಹಾಕು, ಗೆದ್ದರೆ ಅವನಿಗೆ ಎರಡು ಸುತ್ತು ಕಣ್ಣು ಕಾಣದು ಎಂದುಬಿಡುತ್ತಾರೆ. ಎಲ್ಲವೂ ತಾನಾಗಿ ನಡೆಯುವ ಸಾಫ್ಟ್‌ವೇರಿನಲ್ಲಿ ಅದಕ್ಕೆ ಗುಂಡಿಯಿಲ್ಲ. ಸ್ಥಿತಿ ಬದಲಿಸಬೇಕು, ಅದರ ಅವಧಿ ನಮೂದಿಸಬೇಕು, ಲೆಕ್ಕವನ್ನು ಕೈಯಾರೆ ತಿದ್ದಬೇಕು, ಅಷ್ಟರಲ್ಲಿ ಇನ್ಯಾವುದೋ ಮಾಡ್ಯೂಲ್ ಅದನ್ನು ಮತ್ತೆ ಮೊದಲಿನಂತೆ ಮಾಡಿರುತ್ತದೆ. ಎರಡು ಸಲ ಹೀಗಾದರೆ ಸಾಕು, ಮೂರನೆಯ ಸಲ ಆ ಹುಡುಗಿ ‘ಅಟ್ಯಾಕ್ ಮಾಡ್ತೀನಿ’ ಎಂದಷ್ಟೇ ಹೇಳುತ್ತಾಳೆ. ತೀರ್ಪು ಕೊಡುವ ಮನುಷ್ಯ ಮೇಜಿನಲ್ಲಿ ಇರುವುದು ಯಾಕೆ ಎಂಬುದನ್ನೇ ನಾವು ಮರೆತಿದ್ದೇವೆ.

ಎಲ್ಲ ಆಟಕ್ಕೂ ಚೌಕ ಬೇಕೆಂಬ ಊಹೆಯೂ ಇದರ ಜೊತೆಗೇ ಬಂದದ್ದು. 1981ರಿಂದ ಇರುವ ಕಾಲ್ ಆಫ್ ಕ್ತುಲ್ಹುನಲ್ಲಿ ಭಯ ಹುಟ್ಟುವುದು ಕಾಣದ್ದರಿಂದ. ಅದನ್ನು ಟೋಕನ್ ಮಾಡಿ ಚೌಕದಲ್ಲಿ ನಿಲ್ಲಿಸಿದರೆ ಭಯ ಅಲ್ಲೇ ಸತ್ತುಹೋಗುತ್ತದೆ. 2010ರ ಅಪಾಕಲಿಪ್ಸ್ ವರ್ಲ್ಡ್‌ನಿಂದ ಹುಟ್ಟಿದ ಆಟಗಳ ದೊಡ್ಡ ಬಳಗವೇ ಇದೆ. ಅಲ್ಲಿ ಎರಡು ದಾಳ ಹಾಕಿ ಏಳರಿಂದ ಒಂಬತ್ತು ಬಂದರೆ ಅಂದುಕೊಂಡದ್ದು ಆಗುತ್ತದೆ, ಜೊತೆಗೆ ಏನಾದರೊಂದು ಬೆಲೆ ತೆರಬೇಕಾಗುತ್ತದೆ. ಆ ಬೆಲೆ ಏನೆಂದು ಯಾವ ಸಾಫ್ಟ್‌ವೇರ್ ಹೇಳೀತು? ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ನಿಯಮಪುಸ್ತಕದಲ್ಲೂ ಚೌಕದ ಮೇಲೆ ಆಡುವುದು ಐಚ್ಛಿಕ. ಪುಸ್ತಕ ಬೇಕಾದರೆ ಎಂದದ್ದನ್ನು ಸಾಫ್ಟ್‌ವೇರ್ ಬೇಕೇಬೇಕು ಎಂದು ಮಾಡಿತು.

ಹಣದ ಮಾತಿಗೆ ಬರುತ್ತೇನೆ, ಏಕೆಂದರೆ ಇಲ್ಲಿ ಮೋಸ ಹೋಗುತ್ತಿರುವವರು ನಮ್ಮಂಥ ಸಾಮಾನ್ಯ ಆಟಗಾರರು. ಒಂದು ಸಾಹಸದ ಪುಸ್ತಕವನ್ನು ಕೊಂಡವರು ಅದನ್ನೇ ರೋಲ್20ರಲ್ಲಿ ಬಳಸಬೇಕಾದರೆ ಮತ್ತೆ ಕೊಳ್ಳಬೇಕು, ಅಲ್ಲಿಂದ ಫ್ಯಾಂಟಸಿ ಗ್ರೌಂಡ್ಸ್‌ಗೆ ಹೋದರೆ ಸಾಮಾನ್ಯವಾಗಿ ಇನ್ನೊಮ್ಮೆ. ಕೊಂಡದ್ದು ಪುಸ್ತಕವೋ, ಒಬ್ಬರ ಸರ್ವರಿನಲ್ಲಿ ಅವರು ಅನುಮತಿಸುವವರೆಗೆ ನೋಡುವ ಹಕ್ಕೋ? 2024ರ ಆಗಸ್ಟಿನಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಅಧಿಕೃತ ತಾಣವಾದ ಡಿ ಅಂಡ್ ಡಿ ಬಿಯಾಂಡ್, ಹೊಸ ನಿಯಮಗಳು ಬಂದಾಗ ಆಟಗಾರರ ಶೀಟುಗಳಲ್ಲಿರುವ ಹಳೆಯ ಮಂತ್ರಗಳನ್ನೂ ಮಾಂತ್ರಿಕ ವಸ್ತುಗಳನ್ನೂ ಹೊಸವುಗಳಿಂದ ಬದಲಿಸುವುದಾಗಿ ಹೇಳಿತು. ದುಡ್ಡು ಕೊಟ್ಟು ಕೊಂಡವರ ಕೈಯಿಂದ, ಸೆಷನ್ನಿನಿಂದ ಸೆಷನ್ನಿಗೆ ಮುಂದುವರಿಯುವ ಕಥೆಯ, ಅಂದರೆ ಕ್ಯಾಂಪೇನಿನ, ಮಧ್ಯದಲ್ಲಿ! ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡರು ನಿಜ. ಗಲಾಟೆಯಾಗದಿದ್ದರೆ? ಅದೇ ವರ್ಷ ಅದೇ ತಾಣದಲ್ಲಿ ಪುಸ್ತಕದಿಂದ ಬೇಕಾದ ಒಂದೇ ಒಂದು ಭಾಗವನ್ನು ಬಿಡಿಯಾಗಿ ಕೊಳ್ಳುವ ಸೌಲಭ್ಯವನ್ನೂ ತೆಗೆದುಹಾಕಿದರು. ಆ ತಾಣವನ್ನು ವಿಜರ್ಡ್ಸ್‌ನ ಮಾತೃ ಕಂಪನಿ ಹ್ಯಾಸ್ಬ್ರೊ 2022ರಲ್ಲಿ 14.6 ಕೋಟಿ ಡಾಲರಿಗೆ ಕೊಂಡಿತ್ತು. ಅಷ್ಟು ಕೊಟ್ಟವರು ಅದನ್ನು ಎಲ್ಲಿಂದ ವಸೂಲು ಮಾಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕೇ?

ಮುಚ್ಚಿಹೋದವುಗಳ ಕಥೆ ಬೇರೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2008ರ ನಾಲ್ಕನೇ ಆವೃತ್ತಿಯ ಜೊತೆ ವಿಟಿಟಿ ಬರುತ್ತದೆಂದು ವಿಜರ್ಡ್ಸ್ ಮಾತು ಕೊಟ್ಟಿತ್ತು; ಪರೀಕ್ಷಾ ಹಂತ ದಾಟದೆ ಅದು 2012ರಲ್ಲಿ ನಿಂತಿತು. ಆ ಆವೃತ್ತಿಯ ಪಾತ್ರ ಕಟ್ಟುವ ಆನ್‌ಲೈನ್ ಪರಿಕರಗಳು ನಿಂತಿದ್ದದ್ದು ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ ಎಂಬ ತಂತ್ರಜ್ಞಾನದ ಮೇಲೆ. ಸಿಲ್ವರ್‌ಲೈಟ್ ಅಳಿವಿನ ಅಂಚಿಗೆ ಬಂತು, 2020ರಲ್ಲಿ ಪರಿಕರಗಳೂ ಹೋದವು. ಆಸ್ಟ್ರಲ್ ಎಂಬ ವಿಟಿಟಿ ಬಂದು ಮರೆಯಾಯಿತು. ಹ್ಯಾಂಗೌಟಿನಲ್ಲಿ ಆಡುತ್ತಿದ್ದವರೂ 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ ಚದುರಿದರು, ಆದರೆ ಅವರು ಕಳೆದುಕೊಂಡದ್ದು ಕೂಡುವ ಜಾಗ ಮಾತ್ರ. ಅವರ ಆಟ ಅವರ ನೋಟುಬುಕ್ಕಿನಲ್ಲಿತ್ತು, ಬೇರೆ ಕರೆಗೆ ಹೋಗಿ ಮುಂದುವರಿಸಿದರು. ಎರಡು ವರ್ಷದ ಕ್ಯಾಂಪೇನನ್ನು ಪೂರ್ತಿ ಒಂದು ಸಾಫ್ಟ್‌ವೇರಿನೊಳಗೆ ಕಟ್ಟಿದವರಿಗೆ ಆ ಭಾಗ್ಯವಿಲ್ಲ. ಭಾರತದ ಕಾರ್ಡಿನಿಂದ ತಿಂಗಳ ಚಂದಾ ಕಟ್ಟುವವರಿಗೆ ಇನ್ನೊಂದು ಅನುಭವವೂ ಇದೆ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಯಾದಾಗ ಎಷ್ಟೋ ವಿದೇಶಿ ಸೇವೆಗಳ ಚಂದಾ ತಾನಾಗಿ ಕಟ್ ಆಗುವುದು ನಿಂತಿತು. ಚಂದಾ ನಿಂತರೆ ಲೈಟಿಂಗ್ ಆರಿಹೋಗುವ ಆಟವನ್ನು ನಾವು ಯಾಕೆ ಕಟ್ಟಬೇಕು?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಮೇಜಿನಿಂದ ಹೊರಗುಳಿಯುವವರ ವಿಷಯ. ನಮ್ಮಲ್ಲಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಇರುವ ಒಂದೇ ಕಂಪ್ಯೂಟರ್ ಅವರ ಮೊಬೈಲ್. ಫೌಂಡ್ರಿಯಂಥ ಸಾಫ್ಟ್‌ವೇರಿಗೆ ಫೋನಿನ ಪರದೆ ಅಧಿಕೃತವಾಗಿ ಲೆಕ್ಕಕ್ಕೇ ಇಲ್ಲ. ಜಿಎಂ ಒಬ್ಬರೇ 50 ಡಾಲರ್ ಕೊಟ್ಟು ಕೊಂಡರೆ ಸಾಕು, ಉಳಿದವರಿಗೆ ಉಚಿತ ಎಂದು ಅದನ್ನು ಹೊಗಳುತ್ತಾರೆ. ಆ ಉಚಿತದ ಹಿಂದೆ ಒಳ್ಳೆಯ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನ ಬೆಲೆ ಅಡಗಿದೆ. ಜಿಎಂ ತನ್ನ ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡಲು ಹೊರಟರೆ ಇಲ್ಲಿನ ಅನೇಕ ಇಂಟರ್‌ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಕೂರಿಸಿರುತ್ತವೆ. ಹೊರಗಿನಿಂದ ಯಾರೂ ಆ ಮನೆಗೆ ನೇರ ಬರಲಾಗದು. ಪೋರ್ಟ್ ಫಾರ್ವರ್ಡಿಂಗ್ ಮಾಡಿ ಎಂಬ ಸಲಹೆ ಅಲ್ಲಿ ಕೆಲಸಕ್ಕೆ ಬಾರದು, ಬೇರೆ ಕಡೆ ಸರ್ವರ್ ಬಾಡಿಗೆಗೆ ಹಿಡಿಯಬೇಕು, ಇಲ್ಲವೇ ಇನ್ನೊಂದು ಸಾಫ್ಟ್‌ವೇರ್ ಹಾಕಿ ಸುತ್ತುಬಳಸಿ ದಾರಿ ಮಾಡಬೇಕು.

ಕಣ್ಣು ಕಾಣದವರ ಮಾತು ಇನ್ನೂ ಕಠಿಣ. ರೋಲ್‌ಪ್ಲೇಯಿಂಗ್ ಗೇಮ್ ಅಂಧರೂ ಕಾಣುವವರೂ ಸರಿಸಮವಾಗಿ ಕೂತು ಆಡಬಹುದಾದ ಅಪರೂಪದ ಆಟ. ಆದರೆ ವಿಟಿಟಿಯ ಮ್ಯಾಪುಗಳಲ್ಲಿ ಹೆಚ್ಚಿನವು ಬ್ರೌಸರಿನ ಕ್ಯಾನ್ವಾಸ್ ಮೇಲೆ ಬಿಡಿಸಿದ ಬಣ್ಣ. ಸ್ಕ್ರೀನ್ ರೀಡರಿಗೆ ಓದಲು ಅಲ್ಲಿ ಒಂದಕ್ಷರವೂ ಇಲ್ಲ. ಓಗರ್ ಯಾವ ಕಡೆ ನಿಂತಿದ್ದಾನೆ ಎಂದು ಜಿಎಂ ಬಾಯಲ್ಲಿ ಹೇಳುತ್ತಿದ್ದಾಗ ಅಂಧ ಆಟಗಾರ ಎಲ್ಲರಿಗೂ ಸಮನಾಗಿದ್ದ. ‘ನೋಡಿ, ಮ್ಯಾಪಲ್ಲಿದೆ’ ಎಂದ ಕೂಡಲೇ ಅವನು ಬೇರೆಯವರ ದಯೆಗೆ ಬಿದ್ದ. ಇದನ್ನು ಪ್ರಗತಿ ಎಂದು ಕರೆಯುವ ಮನಸ್ಸಾದರೂ ನಮಗೆ ಹೇಗೆ ಬಂತು?

ಪಾತ್‌ಫೈಂಡರ್‌ನಂಥ ಕಾಳಗ ಪ್ರಧಾನ ಆಟಕ್ಕೆ ಚೌಕ ಬೇಡವೇ ಎಂದು ಕೇಳುತ್ತಾರೆ. ಬೇಕಾದರೆ ಚೌಕ ಹಾಕಿ. ಔಲ್‌ಬೇರ್ ರೋಡಿಯೊದಂಥ ಸರಳ ಸಾಫ್ಟ್‌ವೇರಿನಲ್ಲಿ ಚಿತ್ರ ಹಾಕಿ ನಾಲ್ಕು ಟೋಕನ್ ಇಟ್ಟರೆ ಕೆಲಸ ಮುಗಿಯಿತು. ಕಾಗದದ ಮೇಲೆ ಪೆನ್ನಿನಲ್ಲಿ ಕೋಣೆ ಬರೆದು ಫೋಟೊ ತೆಗೆದು ಗುಂಪಿಗೆ ಕಳಿಸಿದರೂ ಆಯಿತು. ಕಾಳಗ ಮುಗಿದ ಕೂಡಲೇ ಅದನ್ನು ಮುಚ್ಚಿ, ಮುಖಗಳಿಗೆ ಮರಳಿ. ಚಿತ್ರವಿಲ್ಲದಿದ್ದರೆ ದೂರ ಕೂತವರ ಗಮನ ಹಾರಿಹೋಗುತ್ತದೆ ಎಂಬುದು ಇನ್ನೊಂದು ವಾದ. ಗಮನ ಹಾರುವುದು ತನ್ನ ಸರದಿ ಬರಲು ಇಪ್ಪತ್ತು ನಿಮಿಷ ಕಾಯಬೇಕಾದಾಗ, ಯಾರದೋ ಟೋಕನ್ ಸಿಕ್ಕಿಕೊಂಡಿರುವುದನ್ನು ಎಲ್ಲರೂ ನೋಡುತ್ತ ಕೂರಬೇಕಾದಾಗ. ಹೆಸರು ಹಿಡಿದು ಕರೆದು, ‘ಬಾಗಿಲು ಮುರಿದುಬಿತ್ತು, ನೀನೇನು ಮಾಡ್ತೀಯ?’ ಎಂದು ಕೇಳುವ ಜಿಎಂ ಎದುರಿಗೆ ಯಾರ ಗಮನವೂ ಹಾರುವುದಿಲ್ಲ.

ಆದ್ದರಿಂದ ಆರಿಸುವ ಕ್ರಮವನ್ನೇ ತಿರುಗಿಸಿ. ಮೊದಲು ನಿಮ್ಮ ಗುಂಪಿನಲ್ಲಿ ಅತ್ಯಂತ ಹಳೆಯ ಫೋನ್ ಯಾರ ಹತ್ತಿರ ಇದೆ, ಅತ್ಯಂತ ನಿಧಾನದ ನೆಟ್‌ವರ್ಕ್ ಯಾರ ಊರಿನಲ್ಲಿದೆ ಎಂದು ಕೇಳಿ. ಅವರಿಗೆ ತೆರೆಯದ ಸಾಫ್ಟ್‌ವೇರ್ ನಿಮ್ಮ ಗುಂಪಿನದಲ್ಲ. ಆಮೇಲೆ ಯಾವ ಆಟ ಎಂದು ನಿರ್ಧರಿಸಿ. ಬರೀ ಧ್ವನಿ ಕರೆ, ಎಲ್ಲರೂ ಬರೆಯಬಹುದಾದ ಒಂದು ಹಂಚಿಕೆಯ ಕಡತ ಮತ್ತು ದಾಳ, ಇಷ್ಟರಿಂದ ನಾಲ್ಕಾರು ಸೆಷನ್ ಆಡಿ. ಆಡಿದ ಮೇಲೆ ನಿಜವಾಗಿ ಏನಾದರೂ ಕೊರತೆಯೆನಿಸಿದರೆ ಆ ಕೊರತೆಗಷ್ಟೇ ಪರಿಹಾರ ಹುಡುಕಿ. ನಾನು ಬರೆದದ್ದೆಲ್ಲವನ್ನೂ ಸಾದಾ ಕಡತವಾಗಿ ಹೊರತೆಗೆಯಬಹುದೇ ಎಂದು ಕೇಳದೆ ಯಾವುದಕ್ಕೂ ದುಡ್ಡು ಕೊಡಬೇಡಿ. ಸರ್ವರ್ ಬಿದ್ದ ರಾತ್ರಿ ಆಟ ನಿಲ್ಲುತ್ತದೆಯಾದರೆ ಆಟ ನಿಮ್ಮ ಕೈಯಲ್ಲಿಲ್ಲ ಎಂದು ತಿಳಿಯಿರಿ.

ಪ್ರಕಾಶಕರನ್ನೂ ಬಿಡಬಾರದು. ಒಮ್ಮೆ ಪುಸ್ತಕ ಕೊಂಡವರಿಗೆ ಪಿಡಿಎಫ್ ಕೊಡಿ, ಹೆಸರು ಗುರುತುಗಳಿಲ್ಲದ ಮ್ಯಾಪ್ ಅದರ ಜೊತೆಗೇ ಕೊಡಿ, ಅದೇ ಪುಸ್ತಕವನ್ನು ಮೂರು ಅಂಗಡಿಯಲ್ಲಿ ಮೂರು ಸಲ ಮಾರಬೇಡಿ ಎಂದು ಬರೆದು ಕೇಳಿ. 2023ರಲ್ಲೂ 2024ರಲ್ಲೂ ವಿಜರ್ಡ್ಸ್ ಮಣಿದದ್ದು ಆಟಗಾರರು ಒಟ್ಟಾಗಿ ನಿಂತದ್ದಕ್ಕೆ, ಚಂದಾ ರದ್ದು ಮಾಡಿದ್ದಕ್ಕೆ. ಆ ಬಲ ಇನ್ನೂ ನಮ್ಮ ಹತ್ತಿರವೇ ಇದೆ.

ಹೊಸಬರಿಗೆ ದಾರಿ ತೋರಿಸುವ ಹಳಬರೇ, ನಿಮಗೆ ನನ್ನ ಬೇಡಿಕೆ ನೇರವಾದದ್ದು. ಮುಂದಿನ ಸಲ ಯಾರಾದರೂ ‘ದೂರದಿಂದ ಆಡಬೇಕು, ಯಾವ ವಿಟಿಟಿ ಹಾಕಿಕೊಳ್ಳಲಿ?’ ಎಂದು ಕೇಳಿದರೆ ಸಾಫ್ಟ್‌ವೇರಿನ ಹೆಸರು ಹೇಳಬೇಡಿ. ಯಾರ ಜೊತೆ ಆಡುತ್ತೀರಿ, ಯಾವ ಆಟ ಆಡುತ್ತೀರಿ ಎಂದು ತಿರುಗಿ ಕೇಳಿ. ಈ ವಾರವೇ ಒಂದು ಕರೆ ಮಾಡಿ ಶುರುಮಾಡಲು ಹೇಳಿ. ಬೇಕಾದರೆ ಮೊದಲ ಸೆಷನ್ನಿಗೆ ನೀವೇ ಜಿಎಂ ಆಗಿ ಕೂತು, ಒಂದೂ ಚಿತ್ರ ತೋರಿಸದೆ ಆಡಿಸಿ.